ಒಂದು ಕೂಗಳತೆ ಆಚೆಗಿದ್ದ ಬಾಳೆ

ಹೆಮ್ಮರಗಾಲ

ಒಮಾನಿಗೆ ಹೋಗಿಬಂದ ಕಥೆಯನ್ನು ಹೆಮ್ಮರಗಾಲದ ಒಂದು ಬಾವಿಯಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಆ ಬಾವಿ ನನ್ನ ಸೋದರಮಾವ ಮಾದಪ್ಪನವರದು. ಅವರಪ್ಪ ತೋಡಿಸಿದ್ದು, ಅವರ ಜಮೀನಿನಲ್ಲೇ ಇರುವುದು. ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ನನ್ನ ಮನೆಯ ಕಂಪ್ಯೂಟರಿನ ಉಪಗ್ರಹ ನಕಾಶೆಯಲ್ಲಿ ಅದು ಅವರ ದಾಯಾದಿಯ ಕಬ್ಬಿನ ಗದ್ದೆಯ ನಡುವೆ ಕೂತಿತ್ತು.

"ನೋಡ್ದೇನವ್ವ, ಎಲ್ಡು ತಲೆಮಾರಿಂದ ಅವ್ರಿಗೆ ಸಿಕ್ದೇ ಇದ್ದ ಬಾವೀನ ಈ ನಕಾಸೆಯೋನು ಸುಮ್ನೆ ಎತ್ಕೊಟ್ಬುಟ್ಟ!" ಎಂದು ಮಾವ ಕೆಂಡವಾಗಿದ್ದರು.

ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಮಾವ ನಡುವಯಸ್ಸಿನಲ್ಲಿ ಒಮಾನಿನಲ್ಲಿ ಬೋರ್‌ವೆಲ್ ಲಾರಿಯ ಮೇಲೆ ದುಡಿದು ಬಂದವರು. ಅಲ್ಲಿಂದ ಹೊರಡುವಾಗ ಕಂಪನಿಯ ಎಂಜಿನಿಯರು ತನ್ನ ಕೈ ಜಿಪಿಎಸ್ಸನ್ನು ಇವರಿಗೆ ಕೊಟ್ಟುಬಿಟ್ಟಿದ್ದ. ಹಳದಿ ಬಣ್ಣದ್ದು, ಇಟ್ಟಿಗೆಯ ಚೂರಿನಷ್ಟು ದಪ್ಪ. ಬಯಲಲ್ಲಿ ನಿಂತು ಗುಂಡಿ ಒತ್ತಿದರೆ ಆ ಜಾಗದ ಅಕ್ಷಾಂಶ, ರೇಖಾಂಶ ತೋರಿಸಿ ನೆನಪಿಟ್ಟುಕೊಳ್ಳುತ್ತದೆ. ಊರಿಗೆ ಬಂದ ಮೇಲೂ ಮಾವ ಅದನ್ನು ಬಿಡಲಿಲ್ಲ. ಮೈಸೂರಿನ ಭೂವಿಜ್ಞಾನಿಯೊಬ್ಬರ ಜೊತೆ ಬೋರ್ ಪಾಯಿಂಟ್ ನೋಡಲು ಹೋಗುವಾಗ ಅದು ಅವರ ಸೊಂಟದಲ್ಲೇ ಇರುತ್ತಿತ್ತು.

ಭಾನುವಾರ ಮಾವ ಬಸ್ಸು ಹತ್ತಿ ನಮ್ಮ ಮನೆಗೆ ಬರುವರು. ವಾರದಲ್ಲಿ ತಾವು ಎಲ್ಲೆಲ್ಲಿ ನಿಂತು ಗುಂಡಿ ಒತ್ತಿದ್ದರೋ ಆ ಅಂಕಿಗಳನ್ನು ಓದುವರು. ನಾನು ನಕಾಶೆಯಲ್ಲಿ ಅವನ್ನು ಹೊಡೆಯುವೆ. ಕೆಂಪು ಚುಕ್ಕಿ ಎಲ್ಲಿ ಬೀಳುತ್ತದೆ ಅಂತ ಇಬ್ಬರೂ ಬಗ್ಗಿ ನೋಡುವೆವು. ಬೇರೆಯವರ ಮನೆಯಲ್ಲಿ ಪಗಡೆ, ಇಸ್ಪೀಟು; ನಮ್ಮ ಮನೆಯಲ್ಲಿ ಇದು. ಆದರೆ ಯಾವ ಚುಕ್ಕಿಯೂ ಇದ್ದ ಜಾಗಕ್ಕೆ ಬೀಳುತ್ತಿರಲಿಲ್ಲ. ಎಲ್ಲವೂ ಒಂದು ಕೂಗಳತೆ ಆಚೆಗೆ. ಸುತ್ತೂರಿನ ಸೇತುವೆಯ ತುದಿ ಕಪಿಲೆಯ ನೀರಲ್ಲಿ ಬಿತ್ತು. ಬನ್ನೂರಿನ ಆಲೆಮನೆ ಕೆರೆಯಲ್ಲಿ ಮುಳುಗಿತು. ಮಿಷನ್ನು ಮುದಿಯಾಗಿದೆ ಅಂತ ನಾನು, ನಕಾಶೆ ಬರೆದವನು ಕುಡಿದಿದ್ದ ಅಂತ ಅವರು. ಹೀಗೆ ವರ್ಷಗಟ್ಟಲೆ ಸುಖವಾಗಿ ಜಗಳವಾಡಿದೆವು.

ಆ ಮಿಷನ್ನಿನಲ್ಲಿ ಒಂದೇ ಒಂದು ಗುರುತು ಒಮಾನಿನದು. ಅದರ ಹೆಸರು 'ಅವ್ವ'.

ಮಾವ ಒಮಾನಿಗೆ ಎರಡನೆಯ ಸಲ ಹೊರಟಾಗ ನನ್ನ ಅಜ್ಜಿ, ಅಂದರೆ ಮಾವನ ತಾಯಿ, ತೋಟದಿಂದ ಒಂದು ರಸಬಾಳೆಯ ಕಂದು ಕಿತ್ತು, ಬೇರಿಗೆ ಒದ್ದೆ ಗೋಣಿ ಸುತ್ತಿ, ಬಟ್ಟೆಯ ನಡುವೆ ತುರುಕಿದ್ದಳಂತೆ. ಆ ಕಾಲದಲ್ಲಿ ಅದನ್ನು ಯಾರೂ ತೆಗೆಸಿ ನೋಡಲಿಲ್ಲ. ಕ್ಯಾಂಪಿನ ಪಕ್ಕದ ತೋಟವೊಂದರಲ್ಲಿ, ನೀರು ಹರಿಯುವ ಕಾಲುವೆಯ ಅಂಚಿಗೆ ಮಾವ ಅದನ್ನು ನೆಟ್ಟರು. ಎಂಜಿನಿಯರು ತಮಾಷೆಗೆ ಗುರುತು ಒತ್ತಿ, ಏನು ಹೆಸರಿಡಲಿ ಅಂದನಂತೆ. ಮಾವ ಅವ್ವ ಅಂದರು.

ಅಜ್ಜಿ ಹೋದಳು. ಅವಳ ಬಾಳೆಯೂ ಹೋಯಿತು. ಸೊರಗು ರೋಗ ಬಂದು ನಂಜನಗೂಡು ಸೀಮೆಯ ರಸಬಾಳೆ ತೋಟಗಳು ಹೇಗೆ ಕರಗಿದವು ಅಂತ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಈಗ ಅಂಗಡಿಯಲ್ಲಿ ಆ ಹೆಸರು ಹೇಳಿ ಮಾರುವ ಹಣ್ಣನ್ನು ಮಾವ ಮೂಸಿ ನೋಡಿ ವಾಪಸ್ಸು ಇಡುತ್ತಾರೆ. ನನಗೂ ಅದೇ ಚಟ. ಅಜ್ಜಿಯ ಮನೆಯ ಕತ್ತಲೆ ಕೋಣೆಯಲ್ಲಿ ಗೊನೆ ತೂಗುಬಿದ್ದಾಗ ಹೊಸಲು ದಾಟುವ ಮುಂಚೆಯೇ ಮೂಗಿಗೆ ಬಡಿಯುತ್ತಿದ್ದ ಆ ವಾಸನೆ ನನ್ನ ಬಾಲ್ಯದ ಅರ್ಧ ಪಾಲು. ಅದು ಎಲ್ಲಾದರೂ ಉಳಿದಿದ್ದರೆ ಆ ಗುರುತಿನ ಹತ್ತಿರ ಉಳಿದಿರಬೇಕು.

ಊರ ಹೆಸರೇನು ಅಂದರೆ ಮಾವನಿಗೆ ಗೊತ್ತಿಲ್ಲ. "ನಾಕ್ನೇ ಕ್ಯಾಂಪು ಅಂತಿದ್ವಿ ಕಣವ್ವ." ನಕಾಶೆಯಲ್ಲಿ ಅಂಕಿ ಹೊಡೆದೆ. ಕೆಂಪು ಚುಕ್ಕಿ ಒಂದು ಬೋಳು ಗುಡ್ಡದ ಮೇಲೆ ಬಿತ್ತು. ಹುಲ್ಲುಕಡ್ಡಿ ಇಲ್ಲ. ಸುತ್ತ ಒಣಹೊಳೆ, ಅದರ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಹಸಿರು ತುಣುಕು.

"ಒಂದಪ ಓಗ್ಬರನ ಬಾ ಮಗ. ಅದು ಅದೋ ಇಲ್ವೋ, ಕಣ್ಣಲ್ಲಿ ನೋಡ್ಬುಡನ," ಅಂದರು ಮಾವ. ಇಳಿವಯಸ್ಸಿನ ಮನುಷ್ಯ. ಇನ್ನೊಮ್ಮೆ ಕೇಳುವ ಹೊತ್ತಿಗೆ ಕಾಲು ನಿಲ್ಲುತ್ತವೋ ಇಲ್ಲವೋ. ಹೊರಟೆವು.

ಮಸ್ಕತ್ತು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮಾವನ ಎಲೆಅಡಿಕೆಯ ಚೀಲ ತೆಗೆಸಿದರು. ಜಿಪಿಎಸ್ಸನ್ನು ತಿರುಗಿಸಿ ಮುರುಗಿಸಿ ನೋಡಿದ ಹುಡುಗಿ ಇದೇನಜ್ಜ, ರೇಡಿಯೋನಾ ಅಂದಳು. ಮಾವನಿಗೆ ಅಡಿಕೆ ಹೋದದ್ದಕ್ಕಿಂತ ಆ ಪ್ರಶ್ನೆಗೇ ಹೆಚ್ಚು ನೋವಾಯಿತು. ವಿಮಾನದಲ್ಲಿ ದಾರಿಯುದ್ದಕ್ಕೂ ಬಾಯಿ ಖಾಲಿ ಖಾಲಿ ಅಂತ ಗೊಣಗಿದರು.

ಮಸ್ಕತ್ತು ತೊಳೆದಿಟ್ಟ ಪಾತ್ರೆಯ ಹಾಗಿದೆ. ಬಿಳಿ ಮನೆಗಳು, ಹಿಂದೆ ಸುಟ್ಟ ಬಣ್ಣದ ಬೆಟ್ಟ. ರಸ್ತೆಯಲ್ಲಿ ಹಾರ್ನ್ ಇಲ್ಲ. ಮೈಸೂರು ರಸ್ತೆಯ ಖಾಸಗಿ ಬಸ್ಸಿಗೆ ಒಗ್ಗಿದ ನನಗೆ ಆ ಮೌನದಲ್ಲಿ ಏನೋ ಅನಾಹುತ ಆಗಿದೆಯೇನೋ ಅನ್ನಿಸುತ್ತಿತ್ತು. ನಮ್ಮನ್ನು ಕರೆದೊಯ್ಯಲು ಬಂದ ಕಾರಿನ ಸಲೀಂ ಅಲ್ಲಿಯವನೇ. ಬಲೂಚಿ ಮನೆಯವನಾದ್ದರಿಂದ ಚೆನ್ನಾಗಿ ಉರ್ದು ಬರುತ್ತಿತ್ತು. ಮಾವ ಕ್ಯಾಂಪಿನಲ್ಲಿ ಕಲಿತ ಹಿಂದಿ, ಅರಬ್ಬಿ, ಕನ್ನಡ ಮೂರನ್ನೂ ಸಂಗಮ ಮಾಡಿ ಅವನ ಜೊತೆ ಮಾತಿಗಿಳಿದರು. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ನನಗೇ ನಡುನಡುವೆ ಕೊಂಡಿ ತಪ್ಪುತ್ತಿತ್ತು.

"ಬಾಳೆಗಿಡ ನೋಡಲು ಇಷ್ಟು ದೂರ ಬಂದಿರಾ?" ಎಂದು ಸಲೀಂ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ. ಹೌದು ಅಂದೆ. ಅವನು ನಗಲಿಲ್ಲ. ತನ್ನ ಅಜ್ಜ ಊರಿನಿಂದ ತಂದು ನೆಟ್ಟ ನಿಂಬೆಗಿಡ ಮಸ್ಕತ್ತಿನ ಮನೆಯಂಗಳದಲ್ಲಿ ಈಗಲೂ ಇದೆ, ಅದನ್ನು ಕಡಿಯಲು ತನ್ನ ತಾಯಿ ಬಿಡುವುದಿಲ್ಲ ಅಂದ. ಅಲ್ಲಿಂದ ಮುಂದೆ ಅವನು ಬಾಡಿಗೆ ಡ್ರೈವರ್ ಆಗಿ ಉಳಿಯಲಿಲ್ಲ.

ನಿಜ್ವಾ

ಬೆಟ್ಟಗಳ ನಡುವಿನ ಈ ಹಳೆಯ ಪಟ್ಟಣದಲ್ಲಿ ಒಂದು ರಾತ್ರಿ ತಂಗಿದೆವು. ಸಂಜೆ ಮಾವ ಮಿಷನ್ನು ಹಚ್ಚಿದರೆ ಸೆಲ್ಲು ಸತ್ತಿತ್ತು. ಸಂತೆಬೀದಿಯಲ್ಲಿ ಸೆಲ್ಲು ಹುಡುಕಿಕೊಂಡು ಹೊರಟೆವು. ಕುಡಿಕೆಗಳಲ್ಲಿ ಖರ್ಜೂರದ ಹಲ್ವ, ಗೋಡೆಗೆ ನೇತುಹಾಕಿದ ಬೆಳ್ಳಿಯ ಬಾಕು, ಬಾಲ ಬೀಸುತ್ತ ನಿಂತ ಆಡುಗಳು. ಬೆಲೆ ಕೇಳುವವರೂ ಹೇಳುವವರೂ ಪಿಸುಮಾತಿನಲ್ಲಿ. ಬನ್ನೂರಿನ ಕುರಿಸಂತೆಯಲ್ಲಿ ಈ ದನಿಯಲ್ಲಿ ಮಾತಾಡಿದರೆ ಕುರಿಯೂ ತಿರುಗಿ ನೋಡುವುದಿಲ್ಲ.

ಹೊಸ ಸೆಲ್ಲು ಹಾಕಿಕೊಂಡು ಮಾವ ಹೋಟೆಲಿನ ಮುಂದಿನ ಬಯಲಲ್ಲಿ ಮಿಷನ್ನನ್ನು ಎತ್ತಿ ಹಿಡಿದು ನಿಂತರು. ಊರು ಬಿಟ್ಟು ಇಷ್ಟು ದೂರ ಬಂದದ್ದು ಅದಕ್ಕಿನ್ನೂ ಗೊತ್ತಿರಲಿಲ್ಲ. ಆಕಾಶದಲ್ಲಿ ತನ್ನ ಉಪಗ್ರಹಗಳನ್ನು ಹೊಸದಾಗಿ ಹುಡುಕಬೇಕಿತ್ತು.

"ಸಿಕ್ತಾ ಮಾವ?"

"ಎಲ್ಡು ಚುಕ್ಕಿ ಸಿಕ್ಕವೆ. ಇನ್ನೆಲ್ಡು ಆಟ ಆಡ್ತಾವೆ ಕಣವ್ವ."

ಉಪಗ್ರಹವನ್ನು ಅವರು ಯಾವಾಗಲೂ ಚುಕ್ಕಿ ಎಂದೇ ಕರೆಯುವುದು. ಹೋಟೆಲಿನ ಕಾವಲುಗಾರ ಬಂದು ತಾನೂ ಕತ್ತೆತ್ತಿ ನೋಡಿದ, ಏನೂ ಕಾಣದೆ ನಮಗಿಬ್ಬರಿಗೂ ಖರ್ಜೂರ ಕೊಟ್ಟು ಹೋದ.

ಆ ರಾತ್ರಿ ಊಟದಲ್ಲಿ ಮಾವ ಏನನ್ನೂ ಸರಿಯಾಗಿ ತಿನ್ನಲಿಲ್ಲ. ಕೊನೆಗೆ ತಟ್ಟೆ ನೋಡುತ್ತಲೇ ಹೇಳಿದರು: "ಒಣಗೋಗಿದ್ರೆ ಏನ್ಮಾಡದು?" ಬೋಳು ಗುಡ್ಡದ ಮೇಲಿನ ಆ ಕೆಂಪು ಚುಕ್ಕಿ ನನ್ನ ಕಣ್ಣ ಮುಂದೆಯೇ ಇತ್ತು.

ಬೋಳು ಗುಡ್ಡ

ಬೆಳಗ್ಗೆ ನಾನು ಅಂಕಿಗಳನ್ನು ಸಲೀಮನ ಮೊಬೈಲಿಗೆ ಹಾಕಿಕೊಟ್ಟೆ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಒಣಹೊಳೆಯ ಗುಂಡುಕಲ್ಲು. ಮಳೆ ಬಂದಾಗ ಮಾತ್ರ ಹರಿಯುವ ಹೊಳೆ ಇದು. ತಲಕಾಡಿನ ಮರಳ ದಿಬ್ಬದ ಮೇಲೆ ನಿಂತು ಮಕ್ಕಳಿಗೆ ಮರುಭೂಮಿಯ ಪಾಠ ಮಾಡಿದವಳು ನಾನು. ಇಲ್ಲಿ ಮರಳೇ ಇಲ್ಲ, ಬರೀ ಕಲ್ಲು. ನನ್ನ ಅಷ್ಟು ವರ್ಷದ ಪಾಠವನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ.

ತಲುಪಿದಿರಿ ಎಂದು ಮೊಬೈಲು ಹೇಳಿದ ಕಡೆ ಇಳಿದರೆ ಅದೇ ಗುಡ್ಡ. ನಕಾಶೆಯಲ್ಲಿ ಕಂಡದ್ದಕ್ಕಿಂತ ಇನ್ನೂ ಬೋಳು. ಒಂದು ಆಡು ನಮ್ಮನ್ನು ನೋಡಿ ಬೇಸರದಿಂದ ಬೇರೆ ಕಡೆ ಹೋಯಿತು. ಮಾವ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಲಾಗಲಿಲ್ಲ. ಈ ಮನುಷ್ಯ ಕಲ್ಲಿನ ಮೇಲೆ ಬಾಳೆ ನೆಟ್ಟಿರಲು ಸಾಧ್ಯವಿಲ್ಲ. ಹಾಗಾದರೆ ನೆನಪೇ ಕೈಕೊಟ್ಟಿತೇ? ಅದನ್ನು ಅವರಿಗೆ ಹೇಗೆ ಹೇಳುವುದು?

ಮಾವ ಸುಮ್ಮನೆ ರೂಢಿಯ ಮೇಲೆ ಸೊಂಟದಿಂದ ಮಿಷನ್ನು ತೆಗೆದು ಹಚ್ಚಿದರು. 'ಅವ್ವ'ನ ಕಡೆ ದಾರಿ ತೋರಿಸು ಅಂತ ಗುಂಡಿ ಒತ್ತಿದರು. ಬಾಣದ ಗುರುತು ಒಂದು ಸುತ್ತು ತಿರುಗಿ ಒಣಹೊಳೆಯ ಆಚೆ ದಡಕ್ಕೆ ನೆಟ್ಟಗೆ ನಿಂತಿತು.

"ಅಲ್ಲಿ ಅದಂತೆ," ಅಂದರು ಮಾವ, ಎದ್ದು ನಿಂತು.

"ಇಲ್ಲಿ ಅನ್ನುತ್ತಿದೆ," ಅಂದ ಸಲೀಂ, ಮೊಬೈಲು ತೋರಿಸಿ.

ಒಂದೇ ಅಂಕಿ, ಎರಡು ಜಾಗ. ಅಂಕಿ ಬಂದದ್ದೂ ಅದೇ ಮಿಷನ್ನಿನಿಂದ. ಮಿಷನ್ನು ತಾನೇ ಹೇಳಿದ ಮಾತನ್ನು ತಾನೇ ಒಪ್ಪುತ್ತಿಲ್ಲ! ಆಗ ನನಗೆ ಮೊದಲ ಬಾರಿಗೆ ಅದರ ಹೊಟ್ಟೆಯೊಳಗೆ ಇಣುಕಬೇಕು ಅನ್ನಿಸಿತು. ಮಾವನ ಕೈಯಿಂದ ಇಸಿದುಕೊಂಡು ಸೆಟ್ಟಿಂಗಿನ ಒಂದೊಂದೇ ಪುಟ ತಿರುವಿದೆ. ಯಾವ ನಕಾಶೆಗೆ ಅಂಕಿ ಹೊಂದಬೇಕು ಅನ್ನುವ ಕಡೆ ಹಳೆಯ ಭಾರತದ ನಕಾಶೆ ಅಂತ ಇತ್ತು.

"ಮಾವ, ಇದನ್ನ ಯಾರು ಹಾಕಿದ್ದು?"

"ಇನ್ಯಾರು, ಮೈಸೂರಿನ ಸಾಹೇಬ್ರು. ಅವ್ರ ಕಾಗ್ದದ ನಕಾಸೆಗೂ ಇದ್ಕೂ ತಾಳೆ ಆಯ್ತಿರ್ಲಿಲ್ಲ. ಇಂಗ್ ಮಡಿಕೊ ಮಾದಪ್ಪ ಅಂದ್ರು, ಮಡಿಕಂಡೆ. ಯಾಕವ್ವ?"

ನಾನು ಅಲ್ಲೇ ನಗುತ್ತಾ ಕೂತುಬಿಟ್ಟೆ. ಹಳೆಯ ಕಾಗದದ ನಕಾಶೆಗಳನ್ನು ಬರೆಯುವಾಗ ಒಂದೊಂದು ದೇಶದವರು ಭೂಮಿಯ ಆಕಾರವನ್ನು ತಮತಮಗೆ ಅನುಕೂಲವಾದ ಹಾಗೆ ಹಿಡಿದು ಲೆಕ್ಕ ಹಾಕಿದ್ದರು. ಇಂದಿನ ಉಪಗ್ರಹ ನಕಾಶೆಯ ಲೆಕ್ಕ ಬೇರೆ. ಮಾವನ ಮಿಷನ್ನು ಜಾಗವನ್ನು ಸರಿಯಾಗಿಯೇ ನೆನಪಿಟ್ಟಿತ್ತು. ಅಂಕಿಯನ್ನು ಮಾತ್ರ ಹಳೆಯ ಲೆಕ್ಕದಲ್ಲಿ ಹೇಳುತ್ತಿತ್ತು. ಸೇರಿನ ಲೆಕ್ಕದಲ್ಲಿ ಹೇಳಿದ್ದನ್ನು ನಾನು ಕಿಲೋ ಅಂದುಕೊಂಡು ಬರೆದುಕೊಂಡ ಹಾಗೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ಸು ತಿರುಗಿಸಬೇಕು ಅಂತ ಸಾಹೇಬರೂ ಹೇಳಲಿಲ್ಲ, ಮಾವನೂ ಕೇಳಲಿಲ್ಲ.

ಸೆಟ್ಟಿಂಗು ಬದಲಿಸಿದೆ. ಕಣ್ಣೆದುರಿಗೇ ಅಂಕಿಗಳು ಬದಲಾದವು. ಹೊಸ ಅಂಕಿಯನ್ನು ಮೊಬೈಲಿಗೆ ಹಾಕಿದೆ. ಕೆಂಪು ಚುಕ್ಕಿ ಗುಡ್ಡದಿಂದೆದ್ದು, ಒಣಹೊಳೆ ದಾಟಿ, ಪೂರ್ವದ ಹಸಿರು ತುಣುಕಿನ ಅಂಚಿಗೆ ಹೋಗಿ ಕೂತಿತು. ಸಲೀಂ ಚಪ್ಪಾಳೆ ತಟ್ಟಿದ. ಮಾವ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಬೇರೇನೋ ಯೋಚಿಸುತ್ತಿದ್ದರು.

"ಅಂಗಾರೆ ನಮ್ ಬಾವಿ ನಮ್ ಜಮೀನ್ನಾಗೇ ಅದೆ ಅನ್ನು!"

ತೋಟ

ಖರ್ಜೂರದ ಮರಗಳ ನೆರಳಿಗೆ ಕಾಲಿಟ್ಟೊಡನೆ ಸೆಕೆ ಹಿಂದೆ ಉಳಿಯಿತು. ಮರಗಳ ಬುಡದಲ್ಲಿ ಮೊಣಕಾಲೆತ್ತರದ ಕಾಲುವೆ. ಬೆಟ್ಟದ ಹೊಟ್ಟೆಯಿಂದ ಸುರಂಗದಲ್ಲಿ ಬಂದ ನೀರು ಕನ್ನಡಿಯಂತೆ ಹರಿಯುತ್ತಿತ್ತು. ಈ ನೀರನ್ನು ಊರಿನವರು ಪಾಳಿ ಪ್ರಕಾರ ಹಂಚಿಕೊಳ್ಳುತ್ತಾರೆ, ಹಂಚಲು ಒಬ್ಬ ಮನುಷ್ಯನಿದ್ದಾನೆ ಅಂತ ಸಲೀಂ ವಿವರಿಸಿದ. "ನಮ್ ನೀರುಗಂಟಿ ಇದ್ದಂಗೆ ಕಣವ್ವ," ಎಂದರು ಮಾವ. ಹಿಂದೆ ರಾತ್ರಿಯ ಪಾಳಿಯನ್ನು ಆಕಾಶದ ನಕ್ಷತ್ರ ನೋಡಿ ಗುರುತಿಸುತ್ತಿದ್ದರಂತೆ. ಮಾವ ಕೈಯಲ್ಲಿದ್ದ ಮಿಷನ್ನನ್ನು ಒಮ್ಮೆ ನೋಡಿಕೊಂಡರು.

ಬಾಣ ಹಿಡಿದುಕೊಂಡು ನಡೆದೆವು. ಕಾಲುವೆಯ ಪಕ್ಕದಲ್ಲೇ ಮಿಷನ್ನು ಕೂಗಿತು. ಅಲ್ಲಿದ್ದದ್ದು ಸಿಮೆಂಟಿನ ನೀರಿನ ತೊಟ್ಟಿ.

ಬಾಳೆ ಇರಲಿಲ್ಲ. ಮಾವ ತೊಟ್ಟಿಯ ಅಂಚಿಗೆ ಕೈಯಿಟ್ಟು ನಿಂತರು. ನಾನು ಅವರ ಹತ್ತಿರ ಹೋಗಲಿಲ್ಲ.

ಅಷ್ಟರಲ್ಲಿ ಬಿಳಿ ನಿಲುವಂಗಿಯ, ಕಸೂತಿ ಟೋಪಿಯ ತೋಟದ ಯಜಮಾನ ಬಂದ. ಹೆಸರು ಹಮದ್. ಆ ಸೀಮೆಯಲ್ಲಿ ಯಾರೂ ಬಂದ ಕೆಲಸವನ್ನು ಮೊದಲು ಕೇಳುವುದಿಲ್ಲ. ಚಾಪೆ, ಖರ್ಜೂರ, ಏಲಕ್ಕಿ ಹಾಕಿದ ಸಕ್ಕರೆಯಿಲ್ಲದ ಕಾಫಿ, ಅವರ ಊರಿನ ಸುದ್ದಿ, ನಮ್ಮ ಊರಿನ ಸುದ್ದಿ. ನಾವು ಕೂತೆವು. ಮಾವ ಬಟ್ಟಲು ಖಾಲಿ ಮಾಡಿ ಮುಂದೆ ಹಿಡಿದರೆ ಹಮದ್ ಮತ್ತೆ ತುಂಬುವನು. ಬೇಡ ಅಂದರೆ ಮನೆಯವರಿಗೆ ಬೇಜಾರು ಅಂತ ಮಾವ ಕುಡಿಯುವರು. ಇದು ನಿಲ್ಲುವ ಲಕ್ಷಣ ಕಾಣಲಿಲ್ಲ. ಕೊನೆಗೆ ಸಲೀಂ, ಸಾಕು ಅನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಬೇಕು ಅಂತ ಕಿವಿಯಲ್ಲಿ ಹೇಳಿದ. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಡಿಸುತ್ತಾರೆ. ಇಲ್ಲಿ ಬಟ್ಟಲು ಅಲ್ಲಾಡಿಸಿದರೆ ನಿಜವಾಗಿ ನಿಲ್ಲಿಸುತ್ತಾರೆ. ಮಾವ ಬಟ್ಟಲನ್ನು ಗಿಲಕಿಯ ಹಾಗೆ ಅಲ್ಲಾಡಿಸಿ ಕೆಳಗಿಟ್ಟರು.

ಆಮೇಲೆ ಸಲೀಂ ವಿಷಯ ಹೇಳಿದ. ಬೋರ್ ಲಾರಿ, ಕ್ಯಾಂಪು, ಹಿಂದೂಸ್ತಾನದ ಬಾಳೆಕಂದು. ಹಮದ್ ಕೇಳುತ್ತ ಕೇಳುತ್ತ ಮಾವನ ಮುಖದ ಕಡೆ ಬಗ್ಗಿದ.

"ಮಾದಬ್ಬ?" ಎಂದ.

ಮಾವ ತಲೆಯಾಡಿಸಿದರು.

ಹಮದ್ ಆಗ ಹರೆಯದವನಂತೆ. ತೋಟ ಅವನ ತಂದೆಯದು. ಕೆಲಸ ಮುಗಿಸಿ ಬಂದು ದಿನಾ ಒಂದು ಗಿಡದ ಮುಂದೆ ಕೂರುತ್ತಿದ್ದ ಮನುಷ್ಯನನ್ನು ಮನೆಯವರೆಲ್ಲ ನೆನಪಿಟ್ಟಿದ್ದರು. ಅವನು ಮಾವನ ಕೈ ಹಿಡಿದುಕೊಂಡೇ ಎದ್ದ. ಅಲ್ಲಿ ಗಂಡಸರು ಕೈ ಹಿಡಿದು ನಡೆಯುವುದು ರೂಢಿ. ಕಾಲುವೆಯ ಗುಂಟ ಇಬ್ಬರೂ ಹಾಗೆಯೇ ಹೋದರು. ತೊಟ್ಟಿಯಿಂದ ಒಂದಷ್ಟು ದೂರ, ತಿರುವಿನಲ್ಲಿ, ಬಾಳೆಯ ಒಂದು ಹಿಂಡು ನಿಂತಿತ್ತು.

ಬಾಳೆ ನೆಟ್ಟಲ್ಲೇ ಇರುವ ಗಿಡವಲ್ಲ ಅನ್ನುವುದು ನನಗೂ ಮಾವನಿಗೂ ಗೊತ್ತಿರಬೇಕಿತ್ತು. ಗೊನೆ ಕೊಟ್ಟ ಗಿಡ ಸಾಯುತ್ತದೆ, ಪಕ್ಕದಲ್ಲಿ ಕಂದು ಏಳುತ್ತದೆ, ಅದರ ಪಕ್ಕ ಇನ್ನೊಂದು. ನೀರು ಇರುವ ದಿಕ್ಕಿಗೆ ಅಜ್ಜಿಯ ಬಾಳೆ ಇಷ್ಟು ವರ್ಷ ಮೆಲ್ಲಗೆ ನಡೆದು ಬಂದಿತ್ತು. ಗುರುತು ಇದ್ದಲ್ಲೇ ಇತ್ತು.

ಹಮದನ ಮನೆಯ ಸೂರಿನಿಂದ ಒಂದು ಗೊನೆ ತೂಗುತ್ತಿತ್ತು. ಬಾಗಿಲ ಹತ್ತಿರ ಹೋಗುತ್ತಿದ್ದ ಹಾಗೆ ನನ್ನ ಹೆಜ್ಜೆ ನಿಂತಿತು. ಆ ವಾಸನೆ! ಅಜ್ಜಿಯ ಮನೆಯ ಹೊಸಲು, ಕತ್ತಲೆ ಕೋಣೆ, ಮೊದಲ ಚಿಪ್ಪು ದೇವರಿಗೆ ಅಂತ ನಮ್ಮ ಕೈಗೆ ಹೊಡೆಯುತ್ತಿದ್ದ ಅವಳ ಗಾಜಿನ ಬಳೆಯ ಕೈ, ಎಲ್ಲವೂ ಒಟ್ಟಿಗೆ ಬಂದು ನುಗ್ಗಿದವು. ಕಣ್ಣು ಒರೆಸಿಕೊಂಡೆ, ನಾಚಿಕೆ ಅನ್ನಿಸಲಿಲ್ಲ. ಅವರ ಮನೆಯಲ್ಲಿ ಆ ಹಣ್ಣಿಗೆ 'ಮೋಜ್ ಮಾದಬ್ಬ' ಅಂತ ಹೆಸರಂತೆ. ಮೋಜ್ ಅಂದರೆ ಅರಬ್ಬಿಯಲ್ಲಿ ಬಾಳೆ; 'ಪ' ಇಲ್ಲದ ಆ ಭಾಷೆಯಲ್ಲಿ ಮಾದಪ್ಪ ಮಾದಬ್ಬ.

ಮಾವ ತೆಳು ಸಿಪ್ಪೆ ಸುಲಿದು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. "ಅವ್ವಂದೇ," ಎಂದರು.

ನಾನೂ ತಿಂದೆ. ಅದೇ ಹಣ್ಣು. ಆದರೆ ಪೂರ್ತಿ ಅದೇ ಅಲ್ಲ. ಕಪಿಲೆಯ ದಂಡೆಯ ಕರಿಮಣ್ಣಿನ ಆ ಹುಳಿ ಮಿಶ್ರಿತ ಸಿಹಿ ಎಲ್ಲೋ ಒಂದು ಎಳೆ ಕಡಿಮೆ. ಬಾಯಿ ತಡೆಯದೆ ಹೇಳಿದೆ: "ಸ್ವಲ್ಪ ಬೇರೆ ಇದೆಯಲ್ವಾ ಮಾವ?"

"ಇರ್ಲಿ ಬುಡು. ನಾನೂ ಇಲ್ಲಿಂದ ವಾಪಸ್ ಬಂದಾಗ ನಿಮ್ಮಜ್ಜಿ ಅಂಗೇ ಅಂದ್ಲು. ಎಂಗೋ ಬ್ಯಾರೆ ಆಗ್ಬುಟ್ಟಿದ್ದೀಯ ಕಣ್ಲಾ ಅಂತ. ಅಂಗಂತ ಮನೆಯೊಳಿಕ್ಕೆ ಸೇರಿಸ್ದೆ ಇದ್ಲಾ?"

ಹೊರಡುವಾಗ ಹಮದ್ ಹಿಂಡಿನಿಂದ ಒಂದು ಕಂದು ಅಗೆದು, ಬೇರಿಗೆ ಒದ್ದೆ ಗೋಣಿ ಸುತ್ತಿ ಮಾವನ ಕೈಗಿಟ್ಟ. ಅಜ್ಜಿ ಕಟ್ಟಿದ್ದು ಹೇಗೆಂದು ಅವನು ನೋಡಿರಲಿಲ್ಲ. ಬಾಳೆ ಬೆಳೆಯುವವರೆಲ್ಲ ಹಾಗೇ ಕಟ್ಟುತ್ತಾರೆ. ಈಗಿನ ವಿಮಾನ ನಿಲ್ದಾಣದಲ್ಲಿ ಇದನ್ನು ಬಿಡುವುದಿಲ್ಲ ಅಂತ ನಾನು ಹೇಳಬೇಕೆಂದಿದ್ದೆ. ಮಾವ ಅದನ್ನು ಎದೆಗೊರಗಿಸಿಕೊಂಡು ಕಾಲುವೆಯ ತನಕ ನಡೆದರು. ಆಮೇಲೆ ಗೋಣಿ ಬಿಚ್ಚಿದರು.

"ಬ್ಯಾಡ ಕಣವ್ವ. ನಮ್ ಮಣ್ಣಾಗೆ ಆ ರೋಗ ಇನ್ನೂ ಅದೆ. ತಕಂಡೋಗಿ ಇನ್ನೊಂದಪ ಸಾಯ್ಸದಾ? ಇಲ್ಲಿ ಸಂದಾಗಿ ಅದೆ, ಇಲ್ಲೇ ಇರ್ಲಿ."

ಹಮದನ ಗುದ್ದಲಿ ಇಸಿದುಕೊಂಡು ಕಾಲುವೆಯ ಮುಂದಿನ ತಿರುವಿನಲ್ಲಿ ತಾವೇ ಗುಣಿ ತೋಡಿ ನೆಟ್ಟರು. ಸಲೀಂ ಬೊಗಸೆಯಲ್ಲಿ ನೀರು ಹಾಕಿದ. ಮಿಷನ್ನು ನನ್ನ ಕೈಗೆ ಬಂತು. ಗುಂಡಿ ಒತ್ತಿದೆ. ಹೆಸರು ಕೇಳಿತು. ನಾನು ಮಾವನನ್ನು ಕೇಳಲಿಲ್ಲ. ಹಳೆಯ ಗುರುತನ್ನು ಅಳಿಸಿ, ಅದೇ ಹೆಸರನ್ನು ಇಲ್ಲಿಗೆ ಹಾಕಿದೆ.

ತಿ. ನರಸೀಪುರ

ಬಂದ ಮೇಲಿನ ಮೊದಲ ಭಾನುವಾರ ಮಾವ ಬೆಳಗಿನ ಬಸ್ಸಿಗೇ ಬಂದಿಳಿದರು. ಬಾಯಿ ತುಂಬ ಎಲೆಅಡಿಕೆ. ಮೊದಲು ಬಾವಿ. ತಿದ್ದಿದ ಅಂಕಿ ಹೊಡೆದೆ. ಕೆಂಪು ಚುಕ್ಕಿ ದಾಯಾದಿಯ ಕಬ್ಬು ಬಿಟ್ಟು ನೇರವಾಗಿ ಬಾವಿಯ ದುಂಡನೆಯ ಕಪ್ಪಿನ ಮೇಲೆ ಬಿತ್ತು. ಮಾವ ಎರಡೂ ತೊಡೆ ತಟ್ಟಿಕೊಂಡು ನಕ್ಕರು. ಸುತ್ತೂರಿನ ಸೇತುವೆ ನೀರಿನಿಂದ ಎದ್ದು ಬಂತು, ಬನ್ನೂರಿನ ಆಲೆಮನೆ ಕೆರೆಯಿಂದ ದಡ ಸೇರಿತು. ಜಗಳವಾಡಲು ಏನೂ ಉಳಿಯದೆ ಇಬ್ಬರಿಗೂ ಒಂದು ಥರ ಬೇಸರವೇ ಆಯಿತು.

"ಈಗ ತೋಟ ತೋರ್ಸು," ಎಂದರು ಮಾವ, ಕುರ್ಚಿ ಮುಂದಕ್ಕೆಳೆದುಕೊಂಡು.

ನಾನು ಅಭ್ಯಾಸಬಲದಿಂದ ಹೆಮ್ಮರಗಾಲದ ಮೇಲೆಯೇ ನಕಾಶೆ ಸರಿಸಿದೆ. ಅಜ್ಜಿಯ ಬಾಳೆ ಇದ್ದ ಜಾಗವನ್ನು ಹತ್ತಿರ ಮಾಡಿದೆ. ಅಲ್ಲಿ ಈಗ ಮುಸುಕಿನ ಜೋಳದ ಕಟಾವಾದ ಹೊಲ, ಅಂಚಿಗೆ ಒಂದು ತಗಡಿನ ಶೆಡ್ಡು. ಮಾವ ನನ್ನ ಕೈ ಮುಟ್ಟಿ ತಡೆದರು.

"ಅದಲ್ಲ ಕಣವ್ವ. ಅವ್ವ ಇರೋ ತೋಟ."

ನಾನು ನಕಾಶೆಯನ್ನು ಅರಬ್ಬೀ ಸಮುದ್ರದ ಆಚೆಗೆ ಎಳೆದೆ.